ಬಾಲದ ಚಕ್ರದ ಬೋಲ್ಟಿಗೆ ಎರಡು ಬೀಗ

ಒಂದು ವಸ್ತುವಿನ ಬೆಲೆಗೂ ಅದು ಹೊರುವ ಹೊಣೆಗೂ ಹೊಂದಾಣಿಕೆ ಇರಲೇಬೇಕೆಂಬ ನಿಯಮ ಉದ್ಯಮಲೋಕದಲ್ಲಿ ಇಲ್ಲ. ಎತ್ತಿನ ಗಾಡಿಯಲ್ಲಿ ಅತ್ಯಂತ ಅಗ್ಗದ ಕಬ್ಬಿಣವೆಂದರೆ ಅಚ್ಚಿನ ತುದಿಯ ಕಡಾಣಿ. ಅದು ಕಳಚಿದ ದಿನ ಗಾಲಿಯೂ ನಿಲ್ಲದು, ಹೊರೆಯೂ ಉಳಿಯದು. ಸಣ್ಣ ವಿಮಾನದ ಬಾಲದಡಿಯಲ್ಲಿರುವ ಪುಟ್ಟ ಚಕ್ರಕ್ಕೂ, ಅದನ್ನು ಹಿಡಿದಿಟ್ಟಿರುವ ಬೆರಳೆಣಿಕೆಯ ನಟ್ಟು ಬೋಲ್ಟುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ವಿಮಾನ ತಯಾರಿಕೆಯ ಪೂರೈಕೆ ಸರಪಳಿಯಲ್ಲಿ ಕರ್ನಾಟಕದ ಸಣ್ಣ ಘಟಕಗಳಿಗೆ ಹೆಚ್ಚಿನ ಪಾಲು ದೊರೆಯಬೇಕೆಂಬ ಅಪೇಕ್ಷೆ ಹೊಸದಲ್ಲ. 1996ರಿಂದ ಯಲಹಂಕ ವಾಯುನೆಲೆಯಲ್ಲಿ ನಡೆದುಬಂದಿರುವ ಏರೋ ಇಂಡಿಯಾ ಪ್ರದರ್ಶನ, ರಾಜ್ಯ ಸರ್ಕಾರವು 2013ರಲ್ಲಿ ರೂಪಿಸಿದ ಏರೋಸ್ಪೇಸ್ ನೀತಿ, ದೇವನಹಳ್ಳಿಯ ಏರೋಸ್ಪೇಸ್ ಪಾರ್ಕ್, ಬೆಳಗಾವಿಯ ವಿಶೇಷ ಆರ್ಥಿಕ ವಲಯ ಇವೆಲ್ಲವೂ ಆ ಅಪೇಕ್ಷೆಗೆ ನೀರೆರೆದಿವೆ. ಯಂತ್ರ, ಬಂಡವಾಳ, ಸಾಲ, ನಿವೇಶನ ಇವುಗಳ ಚರ್ಚೆ ಸಾಕಷ್ಟು ನಡೆದಿದೆ. ಚರ್ಚೆಗೆ ಅಷ್ಟಾಗಿ ಬಾರದ ಸಂಗತಿಯೊಂದಿದೆ. ವಿಮಾನ ಕ್ಷೇತ್ರದಲ್ಲಿ ಮಾರಾಟವಾಗುವುದು ಲೋಹವಲ್ಲ; ಬಿಗಿದದ್ದು ಬಿಗಿದಂತೆಯೇ ಇರುತ್ತದೆ ಎಂಬ ಭರವಸೆ. ಈ ಭರವಸೆಗೆ ಎರಡು ಬೀಗಗಳು. ಮೊದಲನೆಯದು ಬೋಲ್ಟಿನ ಮೇಲೆ, ಕಣ್ಣಿಗೆ ಕಾಣುವಂತೆ ಇರಬೇಕು. ಎರಡನೆಯದು ತಯಾರಕನ ಮತ್ತು ವರ್ತಕನ ದಾಖಲೆಯಲ್ಲಿ ಇರಬೇಕು. ಇವೆರಡರಲ್ಲಿ ಒಂದು ಇಲ್ಲದಿದ್ದರೂ ಸರಕು ಸರಕಲ್ಲ. ಇದನ್ನು ಅರಿಯಲು ಬಾಲದ ಚಕ್ರಕ್ಕಿಂತ ಸರಳವಾದ ಉದಾಹರಣೆ ಸಿಗುವುದು ಕಷ್ಟ.

ಬಾಲದ ಚಕ್ರದ ಪಾಡು

ಇಂದಿನ ಬಹುತೇಕ ವಿಮಾನಗಳಿಗೆ ಮೂರನೆಯ ಚಕ್ರವಿರುವುದು ಮೂಗಿನಡಿಯಲ್ಲಿ. ಹಿಂದಿನ ಪದ್ಧತಿ ಬೇರೆ. ಎರಡು ದೊಡ್ಡ ಚಕ್ರಗಳು ಮುಂದೆ, ಬಾಲದಡಿಯಲ್ಲಿ ಒಂದು ಪುಟ್ಟ ಚಕ್ರ. ಅಮೆರಿಕದ ಪೈಪರ್ ಕಬ್, ಸೆಸ್ನಾ 170 ಮತ್ತು 180, ಕೆನಡಾದ ಬೀವರ್ ಮುಂತಾದ ವಿಮಾನಗಳು ಈ ವರ್ಗಕ್ಕೆ ಸೇರಿದವು. ಹುಲ್ಲುಗಾವಲು, ಮರಳುದಂಡೆ, ಕಚ್ಚಾ ಓಡುದಾರಿಗಳಲ್ಲಿ ಇಳಿಯಲು ಅನುಕೂಲವೆಂಬ ಕಾರಣಕ್ಕೆ ಈ ಬಗೆಯ ವಿಮಾನಗಳು ಈಗಲೂ ತಯಾರಾಗುತ್ತಿವೆ, ಹಳೆಯವೂ ಹಾರುತ್ತಿವೆ.

ಬೆಂಗಳೂರಿಗೂ ಬಾಲದ ಚಕ್ರಕ್ಕೂ ಹಳೆಯ ನಂಟು. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಸಂಸ್ಥೆ ವಿನ್ಯಾಸಗೊಳಿಸಿದ ಎಚ್‌ಟಿ-2 ತರಬೇತಿ ವಿಮಾನವು 1951ರ ಆಗಸ್ಟ್ 5ರಂದು ಮೊದಲ ಬಾರಿಗೆ ಹಾರಿತು. 1958ರ ಸೆಪ್ಟೆಂಬರ್‌ನಲ್ಲಿ ಹಾರಿದ ಪುಷ್ಪಕ್ ವಿಮಾನ ದೇಶದ ಹಲವು ಹಾರಾಟ ಕ್ಲಬ್‌ಗಳಿಗೆ ಸೇರಿತು. ಮರುವರ್ಷ ಕೃಷಕ್ ಬಂದಿತು. ಈ ಮೂರೂ ಬಾಲದ ಚಕ್ರದ ವಿಮಾನಗಳೇ. ಆದುದರಿಂದ ಈ ವಿದ್ಯೆ ಈ ನಾಡಿಗೆ ಪರಕೀಯವೇನಲ್ಲ.

ಈ ಚಕ್ರದ ರಚನೆ ಸರಳ. ವಿಮಾನದ ಒಡಲಿನ ಕೊನೆಗೆ ಲಾರಿಯ ಪಟ್ಟಿ ಸ್ಪ್ರಿಂಗಿನಂಥ ಉಕ್ಕಿನ ಪಟ್ಟಿಯೊಂದನ್ನು ಬೋಲ್ಟುಗಳಿಂದ ಬಿಗಿದಿರುತ್ತಾರೆ. ಅದರ ಇನ್ನೊಂದು ತುದಿಗೆ ಚಕ್ರದ ಕವಲು ಜೋಡಣೆಗೊಂಡಿರುತ್ತದೆ. ಆ ಕವಲು ನಿಂತ ಕೀಲಿನ ಸುತ್ತ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಚಕ್ರ ತನ್ನ ಅಚ್ಚಿನ ಮೇಲೆ ಸುತ್ತುತ್ತದೆ. ಬಾಲದ ಚುಕ್ಕಾಣಿಯಿಂದ ಬರುವ ಎರಡು ಸಣ್ಣ ಸ್ಪ್ರಿಂಗುಗಳು ಅಥವಾ ಸರಪಳಿಗಳು ಕವಲಿನ ತೋಳಿಗೆ ಸಿಕ್ಕಿಸಿಕೊಂಡು, ನೆಲದ ಮೇಲೆ ಓಡುವಾಗ ವಿಮಾನಕ್ಕೆ ದಿಕ್ಕು ಕೊಡುತ್ತವೆ.

ಮುಂದಿನ ಚಕ್ರಗಳು ಎಬ್ಬಿಸುವ ಕಲ್ಲು, ಕೆಸರು, ಹುಲ್ಲು, ನೀರು ಎಲ್ಲವೂ ಬಂದು ಬಡಿಯುವುದು ಈ ಜಾಗಕ್ಕೆ. ಇದಕ್ಕೆ ಮುಚ್ಚಳವಿಲ್ಲ, ಮರೆಯಿಲ್ಲ. ಎಂಟು ಇಂಚು ವ್ಯಾಸದ ಚಕ್ರವೊಂದು ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟಿ ಓಡಿದರೆ ನಿಮಿಷಕ್ಕೆ 1,500ಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಕೀಲು ಸವೆದಿದ್ದರೆ ಅಥವಾ ಬಿಗಿತ ತಪ್ಪಿದ್ದರೆ ಚಕ್ರವು ತಳ್ಳುಗಾಡಿಯ ಕೆಟ್ಟ ಗಾಲಿಯಂತೆ ಎಡಬಲಕ್ಕೆ ಪಟಪಟನೆ ಬಡಿದುಕೊಳ್ಳುತ್ತದೆ. ಆ ಅದುರಾಟ ಇಡೀ ಬಾಲವನ್ನೇ ನಡುಗಿಸುತ್ತದೆ. ವಿಮಾನದ ಎಲ್ಲ ಕೀಲುಗಳಲ್ಲಿ ಹೊರಕ್ಕೆ ಹೆಚ್ಚು ತೆರೆದುಕೊಂಡು ಹೆಚ್ಚು ಪೆಟ್ಟು ತಿನ್ನುವ ಕೀಲುಗಳ ಪೈಕಿ ಇದೂ ಒಂದು. ಚಾಲಕನ ಕಣ್ಣಿಗೆ ಹಾರಾಟದಲ್ಲಿ ಎಂದೂ ಕಾಣದ ಕೀಲೂ ಇದೇ.

ಇಲ್ಲಿಯ ಒಂದು ನಟ್ಟು ಕಳಚಿದರೆ ಆಗುವುದೇನು? ಬಾಲದ ಚಕ್ರದ ವಿಮಾನದಲ್ಲಿ ಭಾರದ ಕೇಂದ್ರ ಮುಂದಿನ ಚಕ್ರಗಳ ಹಿಂದೆ ಇರುತ್ತದೆ. ಬಾಲದ ಹಿಡಿತ ತಪ್ಪಿದೊಡನೆ ಹಿಂಭಾಗವು ಮುಂಭಾಗವನ್ನು ಹಿಂದಿಕ್ಕಲು ಹವಣಿಸಿ ವಿಮಾನ ನೆಲದ ಮೇಲೆಯೇ ಗಿರಕಿ ಹೊಡೆಯುತ್ತದೆ. ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ, ಚಕ್ರದ ಕಾಲು ಮುರಿಯುತ್ತದೆ, ಪಂಕ ಬಾಗುತ್ತದೆ. ಇದಕ್ಕಿಂತ ಕೆಟ್ಟದ್ದೂ ಸಾಧ್ಯ. ಚಕ್ರದ ಸ್ಪ್ರಿಂಗುಗಳು ಚುಕ್ಕಾಣಿಗೇ ಕಟ್ಟಿಕೊಂಡಿರುವುದರಿಂದ, ಕಳಚಿ ಸಿಕ್ಕಿಹಾಕಿಕೊಂಡ ತುಂಡೊಂದು ಚುಕ್ಕಾಣಿಯ ಚಲನೆಯನ್ನೇ ತಡೆಯಬಹುದು. ಕೆಲವು ರೂಪಾಯಿಯ ನಟ್ಟು ಲಕ್ಷಾಂತರ ರೂಪಾಯಿಯ ನಷ್ಟವನ್ನೂ, ಕೆಲವೊಮ್ಮೆ ಜೀವಹಾನಿಯನ್ನೂ ತರುವ ಬಗೆ ಇದು.

ಬಿಗಿದ ನಟ್ಟು ತಾನಾಗಿ ಸಡಿಲುವುದೇಕೆ

ಗಟ್ಟಿಯಾಗಿ ಬಿಗಿದರೆ ಸಾಕು ಎಂಬುದು ಕಾರ್ಖಾನೆಗಳಲ್ಲಿ ಬೇರೂರಿರುವ ನಂಬಿಕೆ. ಬಿಗಿದ ಬೋಲ್ಟು ವಾಸ್ತವದಲ್ಲಿ ಎಳೆದು ಹಿಡಿದ ಸ್ಪ್ರಿಂಗಿನಂತೆ. ಥ್ರೆಡ್‌ಗಳ ನಡುವಿನ ಘರ್ಷಣೆಯೇ ಅದನ್ನು ಹಿಂದಿರುಗದಂತೆ ತಡೆಯುತ್ತದೆ. ಜೋಡಿಸಿದ ಭಾಗಗಳು ಬೋಲ್ಟಿಗೆ ಅಡ್ಡಲಾಗಿ ಪದೇ ಪದೇ ಸರಿದಾಡಿದರೆ ಆ ಘರ್ಷಣೆ ಕ್ಷಣಕ್ಷಣಕ್ಕೂ ಸೋಲುತ್ತದೆ. ಪ್ರತಿ ಸೋಲಿಗೂ ನಟ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ 1969ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಸ್ಪಷ್ಟಪಡಿಸಿತು. ಅಂದಿನಿಂದ ಬೋಲ್ಟುಗಳನ್ನು ಅದುರಿಸಿ ಪರೀಕ್ಷಿಸುವ ಯಂತ್ರಕ್ಕೆ ಅವರ ಹೆಸರೇ ಬಿದ್ದಿದೆ. ಬಾಲದ ಚಕ್ರದ ಅದುರಾಟ ಬಹುಪಾಲು ಇಂಥ ಅಡ್ಡ ಅದುರಾಟವೇ.

ವರ್ತಕರು ಇಲ್ಲಿ ಗಮನಿಸಬೇಕಾದ ಇನ್ನೊಂದು ಅಂಶವಿದೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಅದುರಾಟಕ್ಕೆ ಮದ್ದೆಂದು ಧಾರಾಳವಾಗಿ ಮಾರಾಟವಾಗುವ ವಸ್ತು ಸ್ಪ್ರಿಂಗ್ ವಾಷರ್. ಅಮೆರಿಕದ ನಾಸಾ ಸಂಸ್ಥೆ 1990ರಲ್ಲಿ ಹೊರತಂದ ಫಾಸ್ಟನರ್ ವಿನ್ಯಾಸ ಕೈಪಿಡಿ ಈ ಬಗ್ಗೆ ಯಾವ ಮುಲಾಜನ್ನೂ ಇಟ್ಟುಕೊಂಡಿಲ್ಲ. ಬೋಲ್ಟನ್ನು ಪೂರ್ತಿಯಾಗಿ ಬಿಗಿಯುವ ವೇಳೆಗೆ ಆ ವಾಷರ್ ಚಪ್ಪಟೆಯಾಗಿ ಸಾದಾ ವಾಷರಿಗೆ ಸಮನಾಗುತ್ತದೆ, ಆಮೇಲೆ ಅದರಲ್ಲಿ ಬೀಗದ ಗುಣ ಉಳಿಯುವುದಿಲ್ಲ ಎಂಬುದು ಅದರ ತೀರ್ಮಾನ. ಬೇಲಿಯ ಗೇಟಿಗೆ ಇದು ಸಾಕಾದೀತು; ಬಾಲದ ಚಕ್ರಕ್ಕೆ ಸಾಲದು.

ಕೀಲಿಗೆ ತಕ್ಕ ಬೀಗ

ಬಾಲದ ಚಕ್ರದಲ್ಲಿರುವ ಬೋಲ್ಟುಗಳೆಲ್ಲ ಒಂದೇ ಜಾತಿಯವಲ್ಲ. ಪ್ರತಿಯೊಂದು ಕೀಲಿನ ಕೆಲಸಕ್ಕೆ ತಕ್ಕಂತೆ ಬೀಗ ಬೇರೆಯಾಗುತ್ತದೆ.

ಮೊದಲನೆಯದು ತಿರುಗುವ ಕೀಲುಗಳು, ಅಂದರೆ ಚಕ್ರದ ಅಚ್ಚು ಮತ್ತು ಕವಲಿನ ನಿಂತ ಕೀಲು. ಇಲ್ಲಿ ಕಿರೀಟದಂತೆ ಸೀಳುಗಳುಳ್ಳ ಕ್ಯಾಸಲ್ ನಟ್ ಬೇಕು. ಬೋಲ್ಟಿನ ತುದಿಯ ರಂಧ್ರದಲ್ಲಿ ಸ್ಪ್ಲಿಟ್ ಪಿನ್ ತೂರಿಸಿ ಅದರ ಕಾಲುಗಳನ್ನು ಮಡಚಬೇಕು. ಮೋಟಾರ್ ಸೈಕಲ್ಲಿನ ಹಿಂಬದಿ ಅಚ್ಚನ್ನು ಬಲ್ಲವರಿಗೆ ಇದು ಹೊಸದಲ್ಲ. ಗಾಡಿಯ ಕಡಾಣಿಯ ತತ್ವವೇ ಇಲ್ಲಿಯೂ ಇದೆ. ಇದು ಘರ್ಷಣೆಯನ್ನು ನಂಬಿದ ಬೀಗವಲ್ಲ. ಪಿನ್ ಮುರಿಯದೆ ನಟ್ಟು ಹೊರಬರಲಾರದು.

ಎರಡನೆಯದು ತಿರುಗದೆ ನಿಲ್ಲುವ ಜೋಡಣೆಗಳು. ವಿಮಾನದ ವಿನ್ಯಾಸಕಾರ ಒಪ್ಪಿದ್ದಲ್ಲಿ ಪಟ್ಟಿ ಸ್ಪ್ರಿಂಗಿನ ಬೋಲ್ಟುಗಳಿಗೆ ನೈಲಾನ್ ಉಂಗುರವುಳ್ಳ ಸ್ವಯಂ ಬಿಗಿಯುವ ನಟ್ಟು ಸಾಕು. ಆದರೆ ಬೋಲ್ಟಿನ ತುದಿ ನೈಲಾನ್ ಉಂಗುರವನ್ನು ದಾಟಿ ಹೊರಗೆ ಕಾಣಬೇಕು. ಪದೇ ಪದೇ ಬಿಚ್ಚಿ ಹಾಕಿದಂತೆಲ್ಲ ಆ ಉಂಗುರದ ಹಿಡಿತ ಸವೆಯುತ್ತದೆ. ಬರಿಯ ಬೆರಳಿನಿಂದ ಪೂರ್ತಿ ತಿರುಗಿಬಿಡುವ ನಟ್ಟನ್ನು ಎಸೆಯುವುದೇ ಸರಿ.

ಮೂರನೆಯದು ಎರಕದ ಭಾಗದೊಳಕ್ಕೇ ಬಿಗಿಯುವ, ಹಿಂದೆ ನಟ್ಟಿಲ್ಲದ ಬೋಲ್ಟುಗಳು. ಇವುಗಳ ತಲೆಯಲ್ಲಿ ರಂಧ್ರವಿದ್ದು ತುಕ್ಕು ಹಿಡಿಯದ ಉಕ್ಕಿನ ತಂತಿಯಿಂದ ಒಂದನ್ನೊಂದು ಕಟ್ಟಿಹಾಕುತ್ತಾರೆ. ಇದಕ್ಕೆ ವೈರ್ ಲಾಕಿಂಗ್ ಎಂದು ಹೆಸರು. ಸಾಮಾನ್ಯವಾಗಿ 0.032 ಇಂಚು, ಅಂದರೆ ಸುಮಾರು 0.8 ಮಿಲಿಮೀಟರ್ ದಪ್ಪದ ತಂತಿಯನ್ನು ಇಮ್ಮಡಿಯಾಗಿಸಿ, ಇಂಚಿಗೆ ಆರರಿಂದ ಎಂಟು ಸುತ್ತು ಬರುವಂತೆ ಹೆಣೆಯುತ್ತಾರೆ. ತಂತಿಯ ಎಳೆತ ಯಾವಾಗಲೂ ಬೋಲ್ಟನ್ನು ಬಿಗಿಯುವ ದಿಕ್ಕಿಗೇ ಇರಬೇಕು. ದಿಕ್ಕು ತಪ್ಪಿದ ತಂತಿ ನೋಡಲು ಅಂದವಾಗಿದ್ದರೂ ಅಲಂಕಾರ ಮಾತ್ರ.

ನಾಲ್ಕನೆಯದು ಚುಕ್ಕಾಣಿಯ ಸ್ಪ್ರಿಂಗು ಸರಪಳಿಗಳ ಕೊಕ್ಕೆಗಳು. ಇವುಗಳ ಬಾಯಿ ತೆರೆದುಕೊಳ್ಳದಂತೆ ತಂತಿಯ ಕಟ್ಟು ಹಾಕುವುದು ಒಳ್ಳೆಯ ಪದ್ಧತಿ.

ಈ ವಿವೇಚನೆಯ ಹಿಂದೆ ಬರಹದ ನಿಯಮವೂ ಇದೆ. ಅಮೆರಿಕದ ವಾಯುಯಾನ ನಿಯಮಾವಳಿಯಲ್ಲಿ ದೊಡ್ಡ ವಿಮಾನಗಳಿಗೆ ಇಂದಿಗೂ ಅನ್ವಯಿಸುವ, ಸಣ್ಣ ವಿಮಾನಗಳ ಸಂಹಿತೆಯಲ್ಲಿ 2017ರ ಪರಿಷ್ಕರಣೆಯವರೆಗೆ ಇದ್ದ ಸೂತ್ರವೊಂದು ಎರಡು ಮಾತು ಹೇಳುತ್ತದೆ. ಯಾವ ಬೋಲ್ಟು ಕಳಚಿದರೆ ವಿಮಾನ ಸುರಕ್ಷಿತವಾಗಿ ಹಾರಿ ಇಳಿಯಲಾರದೋ ಅದಕ್ಕೆ ಎರಡು ಪ್ರತ್ಯೇಕ ಬೀಗಗಳಿರಬೇಕು. ಕೆಲಸದ ವೇಳೆ ತಿರುಗುವ ಬೋಲ್ಟಿಗೆ ಸ್ವಯಂ ಬಿಗಿಯುವ ನಟ್ಟೊಂದನ್ನೇ ನಂಬಬಾರದು. ಘರ್ಷಣೆಯನ್ನು ಅವಲಂಬಿಸದ ಇನ್ನೊಂದು ಬೀಗ ಜೊತೆಗಿರಬೇಕು. ಬಾಲದ ಚಕ್ರದ ಪ್ರತಿಯೊಂದು ಬೋಲ್ಟೂ ಮೊದಲ ಮಾತಿನ ವ್ಯಾಪ್ತಿಗೆ ಬಾರದಿರಬಹುದು. ಎರಡನೆಯ ಮಾತಿನ ವಿವೇಕ ಮಾತ್ರ ಅಚ್ಚಿಗೂ ಕೀಲಿಗೂ ನೇರವಾಗಿ ತಟ್ಟುತ್ತದೆ.

ಬೀಗವೊಂದೇ ಸಾಲದು

ತಂತಿ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ಭಾವಿಸುವುದೂ ತಪ್ಪೇ. ತಂತಿಯಾಗಲಿ ಪಿನ್ನಾಗಲಿ ಬೋಲ್ಟಿಗೆ ಬಿಗಿತ ಕೊಡುವುದಿಲ್ಲ; ಕಳಚಿ ಬೀಳದಂತೆ ನೋಡಿಕೊಳ್ಳುತ್ತದೆ, ಅಷ್ಟೆ. ಮೊದಲು ಟಾರ್ಕ್ ರೆಂಚಿನಿಂದ ನಿಗದಿತ ಬಿಗಿತ, ಆನಂತರ ಬೀಗ. ಕ್ಯಾಸಲ್ ನಟ್ಟಿನ ಸೀಳಿಗೂ ಬೋಲ್ಟಿನ ರಂಧ್ರಕ್ಕೂ ಹೊಂದಿಕೆಯಾಗದಿದ್ದಾಗ ನಟ್ಟನ್ನು ಸ್ವಲ್ಪ ಹಿಂದಕ್ಕೆ ಬಿಟ್ಟು ಪಿನ್ ತೂರಿಸುವ ಅಭ್ಯಾಸ ಹಲವು ಗ್ಯಾರೇಜುಗಳಲ್ಲಿದೆ. ವಿಮಾನದಲ್ಲಿ ಅದು ಸಲ್ಲದು. ಅನುಮತಿಸಿದ ಮಿತಿಯೊಳಗೆ ಮುಂದಕ್ಕೆ ಬಿಗಿಯಬೇಕು, ಇಲ್ಲವೇ ಬೇರೆ ದಪ್ಪದ ವಾಷರ್ ಹಾಕಿ ಹೊಂದಿಸಬೇಕು. ಒಮ್ಮೆ ಬಿಚ್ಚಿದ ಸ್ಪ್ಲಿಟ್ ಪಿನ್ನನ್ನೂ ತಂತಿಯನ್ನೂ ಮತ್ತೆ ಬಳಸುವಂತಿಲ್ಲ.

ಬೀಗದ ಸುತ್ತಲಿನ ಜೋಡಣೆ ಪೂರ್ಣವಾಗಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ವಿಮಾನವೊಂದರ ದೃಷ್ಟಾಂತ ಕಣ್ಣು ತೆರೆಸುವಂತಿದೆ. ದೊಡ್ಡ ವಿಮಾನಗಳ ಅಪಘಾತಗಳ ತನಿಖೆ ಬೋಲ್ಟು ವಾಷರುಗಳ ಮಟ್ಟಕ್ಕೂ ಇಳಿಯುವುದರಿಂದ ಅಲ್ಲಿಯ ಪಾಠ ಸಣ್ಣ ವಿಮಾನಕ್ಕೂ ಸಲ್ಲುತ್ತದೆ. 2007ರ ಆಗಸ್ಟ್ 20ರಂದು ಜಪಾನಿನ ನಾಹಾ ನಿಲ್ದಾಣದಲ್ಲಿ ಇಳಿದು ನಿಂತ ತೈವಾನಿನ ಬೋಯಿಂಗ್ 737 ವಿಮಾನ ಬೆಂಕಿಗೆ ಆಹುತಿಯಾಯಿತು. ಅದರಲ್ಲಿದ್ದ 165 ಮಂದಿಯೂ ಪಾರಾದದ್ದು ಪುಣ್ಯ. ರೆಕ್ಕೆಯ ಮುಂಚೂಣಿಯ ಜೋಡಣೆಯಿಂದ ಕಳಚಿದ ಬೋಲ್ಟೊಂದು ಇಂಧನ ತೊಟ್ಟಿಯನ್ನು ತೂತುಮಾಡಿತ್ತು. ಸುಮಾರು ಒಂದೂವರೆ ತಿಂಗಳ ಹಿಂದೆ, ನಟ್ಟು ಸಡಿಲಗೊಳ್ಳದಿರಲೆಂದೇ ಮಾಡಿದ ನಿರ್ವಹಣಾ ಕೆಲಸದ ವೇಳೆ ನಟ್ಟಿನ ಬದಿಯ ವಾಷರ್ ಬಿದ್ದುಹೋಗಿರುವ ಸಂಭವ ಅತ್ಯಧಿಕವೆಂದು ತನಿಖೆ ಹೇಳಿತು. ನಟ್ಟನ್ನು ಭದ್ರಪಡಿಸಲು ಹೊರಟ ಕೆಲಸವೇ ಒಂದು ವಾಷರಿನ ಕೊರತೆಯಿಂದ ಇಡೀ ವಿಮಾನವನ್ನು ಕಳೆಯಿತು.

ಎರಡನೆಯ ಬೀಗ: ವರ್ತಕನ ದಾಖಲೆ

ಇಷ್ಟೆಲ್ಲ ಮೆಕ್ಯಾನಿಕ್‌ಗಳ ಮತ್ತು ಎಂಜಿನಿಯರುಗಳ ಕಾರ್ಯಕ್ಷೇತ್ರ, ಇದರಲ್ಲಿ ವರ್ತಕನಿಗೇನು ಕೆಲಸ ಎಂದು ಕೇಳುವವರುಂಟು. ಉತ್ತರ ನಿಯಮದಲ್ಲೇ ಇದೆ. ಅಮೆರಿಕದಲ್ಲಿ ವಿಮಾನದ ಬದಲಿ ಬಿಡಿಭಾಗ ತಯಾರಿಸಿ ಮಾರಲು ಸಾಮಾನ್ಯವಾಗಿ ವಾಯುಯಾನ ಪ್ರಾಧಿಕಾರದ ಅನುಮೋದನೆ ಬೇಕು. ಇದಕ್ಕಿರುವ ವಿನಾಯಿತಿಗಳಲ್ಲಿ ಒಂದು, ಸರ್ಕಾರದ ಅಥವಾ ಮಾನ್ಯವಾದ ಉದ್ಯಮದ ಮಾನಕಕ್ಕೆ ಅನುಗುಣವಾಗಿ ತಯಾರಾದ ನಟ್ಟು ಬೋಲ್ಟಿನಂಥ ಪ್ರಮಾಣಿತ ಭಾಗಗಳಿಗೆ ಸಂಬಂಧಿಸಿದ್ದು. ಕ್ಯಾಸಲ್ ನಟ್ಟಿಗೆ ಎಎನ್ 310, ಲಾಕಿಂಗ್ ತಂತಿಗೆ ಎಂಎಸ್ 20995, ಸ್ಪ್ಲಿಟ್ ಪಿನ್ನಿಗೆ ಎಂಎಸ್ 24665 ಹೀಗೆ ಪ್ರತಿಯೊಂದಕ್ಕೂ ಪ್ರಕಟಿತ ಮಾನಕ ಸಂಖ್ಯೆಯಿದೆ. ಮಾನಕಕ್ಕೆ ಸರಿಯಾಗಿ ತಯಾರಿಸಬಲ್ಲವನು ತಯಾರಿಸಬಹುದು, ಮಾರಬಲ್ಲವನು ಮಾರಬಹುದು.

ಸಣ್ಣ ಉದ್ಯಮಿಯ ದೃಷ್ಟಿಯಿಂದ ಇದು ದೊಡ್ಡ ಅವಕಾಶ. ಅಷ್ಟೇ ದೊಡ್ಡ ಹೊಣೆ. ಪ್ರತಿಯೊಂದು ನಟ್ಟಿನ ಹಿಂದೆಯೂ ಸರ್ಕಾರಿ ಅಧಿಕಾರಿಯ ಮುದ್ರೆ ಇರುವುದಿಲ್ಲವಾದ್ದರಿಂದ, ತಯಾರಕನ ಮಾತು ಮತ್ತು ವರ್ತಕನ ದಾಖಲೆ ಇವೇ ಕೊನೆಯ ಭದ್ರತೆ. ಅದಕ್ಕಾಗಿಯೇ ವೈಮಾನಿಕ ಖರೀದಿದಾರರು ತಯಾರಕರಿಂದ ಎಎಸ್ 9100, ದಾಸ್ತಾನುಗಾರರು ಮತ್ತು ವಿತರಕರಿಂದ ಎಎಸ್ 9120 ಗುಣಮಟ್ಟ ವ್ಯವಸ್ಥೆಯನ್ನು ನಿರೀಕ್ಷಿಸುತ್ತಾರೆ. ಇವುಗಳ ತಿರುಳು ಒಂದೇ. ಈ ಬೋಲ್ಟು ಯಾವ ಉಕ್ಕಿನದು, ಯಾವ ಲಾಟಿನದು, ಯಾರು ಪರೀಕ್ಷಿಸಿದರು, ಯಾರಿಂದ ಯಾರಿಗೆ ಬಂದಿತು ಎಂಬ ಪ್ರಶ್ನೆಗೆ ಯಾವ ದಿನವಾದರೂ ಉತ್ತರ ಸಿಗಬೇಕು.

ಈ ಬೀಗ ಸಡಿಲವಾದಾಗ ಏನಾಗುವುದೆಂದು ಇತಿಹಾಸ ತೋರಿಸಿದೆ. 1989ರ ಸೆಪ್ಟೆಂಬರ್ 8ರಂದು ನಾರ್ವೆಯ ಕಾನ್ವೇರ್ ವಿಮಾನವೊಂದು ಡೆನ್ಮಾರ್ಕಿನ ಸಮೀಪ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 55 ಮಂದಿಯೂ ಮರಣಹೊಂದಿದರು. ಬಾಲದ ನಿಂತ ರೆಕ್ಕೆಯನ್ನು ಒಡಲಿಗೆ ಜೋಡಿಸುವ ಬೋಲ್ಟು ಮುಂತಾದ ಭಾಗಗಳಲ್ಲಿ ಕೆಲವು ನಕಲಿ, ನಿಗದಿತ ಬಲಕ್ಕಿಂತ ಕಡಿಮೆಯವು ಎಂದು ತನಿಖೆಯಲ್ಲಿ ಕಂಡುಬಂತು. ಅದೇ ದಶಕದಲ್ಲಿ ಅಮೆರಿಕದ ಮಾರುಕಟ್ಟೆಗೆ ಸುಳ್ಳು ಗುರುತಿನ ಬೋಲ್ಟುಗಳು ನುಗ್ಗಿದ್ದರ ವಿಚಾರಣೆ ನಡೆದು, 1990ರ ನವೆಂಬರ್‌ನಲ್ಲಿ ಫಾಸ್ಟನರ್ ಗುಣಮಟ್ಟ ಕಾಯಿದೆಯೇ ಜಾರಿಗೆ ಬಂತು. ನಟ್ಟು ಬೋಲ್ಟಿಗಾಗಿ ಒಂದು ದೇಶ ಪ್ರತ್ಯೇಕ ಶಾಸನ ಮಾಡಬೇಕಾಯಿತೆಂದರೆ ವ್ಯಾಪಾರದಲ್ಲಿ ನಂಬಿಕೆ ಎಷ್ಟು ಕುಸಿದಿತ್ತೆಂದು ಊಹಿಸಬಹುದು.

ಮೋಸವಿಲ್ಲದೆಯೂ ದಾಸ್ತಾನಿನ ಅಜಾಗರೂಕತೆ ಇಂಥದೇ ಫಲ ತಂದೀತು. 1990ರ ಜೂನ್ 10ರಂದು ಬ್ರಿಟನ್ನಿನ ಬರ್ಮಿಂಗ್‌ಹ್ಯಾಮ್‌ನಿಂದ ಹೊರಟ ವಿಮಾನದ ಚಾಲಕರ ಮುಂದಿನ ಗಾಜು ಸುಮಾರು 17,300 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಅರ್ಧ ಹೊರಕ್ಕೆ ಸೆಳೆಯಲ್ಪಟ್ಟರು. ಸಹೋದ್ಯೋಗಿಗಳು ಅವರ ಕಾಲು ಹಿಡಿದುಕೊಂಡು ಪ್ರಾಣ ಉಳಿಸಿದರು. ಆ ಗಾಜನ್ನು ಹಿಡಿದಿದ್ದ 90 ಬೋಲ್ಟುಗಳ ಪೈಕಿ 84 ನಿಗದಿತ ವ್ಯಾಸಕ್ಕಿಂತ 0.026 ಇಂಚು ಸಣ್ಣವು, ಉಳಿದ ಆರು ಗಿಡ್ಡವು. ಹಿಂದಿನ ದಿನ ಗಾಜು ಬದಲಿಸಿದಾಗ ಹೊಸ ಬೋಲ್ಟುಗಳನ್ನು ದಾಸ್ತಾನಿನ ಡಬ್ಬಗಳಿಂದ ಹಳೆಯದರ ಪಕ್ಕ ಹಿಡಿದು ಕಣ್ಣಳತೆಯಲ್ಲಿ ಆರಿಸಲಾಗಿತ್ತು. 0.026 ಇಂಚು ಎಂದರೆ ಮಿಲಿಮೀಟರಿನ ಮೂರನೇ ಎರಡರಷ್ಟು. ಇಷ್ಟು ಅಂತರವನ್ನು ಕಣ್ಣು ಹಿಡಿಯದು, ಡಬ್ಬದ ಮೇಲಿನ ಸಂಖ್ಯೆ ಹಿಡಿಯುತ್ತದೆ.

ಬಾಲದ ಚಕ್ರದ ಬೋಲ್ಟುಗಳಲ್ಲಿ ಈ ಅಪಾಯ ಇನ್ನೂ ಸೂಕ್ಷ್ಮ. ಎಎನ್ ಮಾನಕದಲ್ಲಿ ಸಂಖ್ಯೆಯ ಕೊನೆಗೆ 'ಎ' ಅಕ್ಷರವಿದ್ದರೆ ಬೋಲ್ಟಿನ ತುದಿಯಲ್ಲಿ ಪಿನ್ನಿಗೆ ರಂಧ್ರವಿಲ್ಲವೆಂದು ಅರ್ಥ, ಅಕ್ಷರವಿಲ್ಲದಿದ್ದರೆ ರಂಧ್ರ ಉಂಟು. ಉದ್ದ, ದಪ್ಪ, ಬಣ್ಣ, ತಲೆಯ ಮೇಲಿನ ಗುರುತು ಎಲ್ಲ ಒಂದೇ. ಎರಡನ್ನೂ ಒಂದೇ ಡಬ್ಬದಲ್ಲಿ ಬೆರೆಸಿಟ್ಟ ಅಂಗಡಿ, ಅರಿಯದೆಯೇ ಮೆಕ್ಯಾನಿಕ್‌ನ ಕೈಯಿಂದ ಬೀಗವನ್ನು ಕಿತ್ತುಕೊಂಡಂತೆ. ರಂಧ್ರವಿಲ್ಲದ ಬೋಲ್ಟು ಕೈಗೆ ಬಂದವನು ಬೇರೆ ದಾರಿ ಕಾಣದೆ ನೈಲಾನ್ ನಟ್ಟು ಹಾಕುತ್ತಾನೆ, ಅದೂ ತಿರುಗುವ ಅಚ್ಚಿಗೆ.

ಕೆಲವು ಆಕ್ಷೇಪಗಳು

ನೈಲಾನ್ ನಟ್ಟು ಅಗ್ಗ, ಬೇಗ ಕೂರುತ್ತದೆ; ಪಿನ್ನು ತಂತಿಗಳ ಹಳೆಯ ಪದ್ಧತಿ ಏಕೆ ಎಂಬುದು ಮೊದಲ ಆಕ್ಷೇಪ. ನೈಲಾನ್ ನಟ್ಟು ಒಳ್ಳೆಯ ಸಾಧನವೇ, ತನ್ನ ಸ್ಥಾನದಲ್ಲಿ. ಅದರ ಬೀಗ ಒಳಗಿದೆ. ಸವೆದಿದೆಯೋ ಇಲ್ಲವೋ ಹೊರಗಿನಿಂದ ಕಾಣದು. ಪಿನ್ನಿನ ಮತ್ತು ತಂತಿಯ ಹೆಗ್ಗಳಿಕೆ ಕಾಣುವುದರಲ್ಲಿದೆ. ಹಾರಾಟಕ್ಕೆ ಮುನ್ನ ಚಾಲಕ ಬಾಗಿ ಒಂದು ನೋಟ ಹರಿಸಿದರೆ ಬೀಗ ಇದೆಯೋ ಇಲ್ಲವೋ ತಿಳಿಯುತ್ತದೆ. ಬಿಗಿದ ನಟ್ಟಿನಿಂದ ಪಕ್ಕದ ಲೋಹದವರೆಗೆ ಬಣ್ಣದ ಗೆರೆ ಎಳೆಯುವ ಪದ್ಧತಿಯ ಉದ್ದೇಶವೂ ಇದೇ. ಗೆರೆ ತುಂಡಾಗಿದ್ದರೆ ನಟ್ಟು ಕದಲಿದೆ. ದ್ರವರೂಪದ ಲಾಕಿಂಗ್ ಅಂಟಿಗೆ ಈ ಗುಣವಿಲ್ಲ. ವಿಮಾನ ತಯಾರಕರು ಒಪ್ಪಿದಲ್ಲಿ ಅದನ್ನು ಬಳಸಬಹುದು, ಪಿನ್ನಿಗೆ ಬದಲಿಯಾಗಿ ಅಲ್ಲ.

ವೆಚ್ಚ ಎರಡನೆಯ ಆಕ್ಷೇಪ. ಒಂದು ಅಡಿ ಲಾಕಿಂಗ್ ತಂತಿಯ ಬೆಲೆ ಒಂದು ಲೋಟ ಚಹಾದ ಬೆಲೆಗಿಂತ ಕಡಿಮೆ. ವೆಚ್ಚವಿರುವುದು ಕೆಲಸಗಾರನ ಸಮಯದಲ್ಲಿ ಮತ್ತು ತರಬೇತಿಯಲ್ಲಿ. ಆ ಸಮಯಕ್ಕೆ ಬೆಲೆ ಕಟ್ಟಿ ಗ್ರಾಹಕನಿಂದ ಪಡೆಯುವುದು ನ್ಯಾಯ. ಆ ಸಮಯವನ್ನು ಕದಿಯುವುದು ನ್ಯಾಯವಲ್ಲ.

ಮೂರನೆಯದು ಹೆಚ್ಚು ಗಂಭೀರ. ದಾಖಲೆಯ ಹೊರೆ ಸಣ್ಣ ಘಟಕಗಳಿಗೆ ಮೀರಿದ್ದು. ಹತ್ತು ಜನರ ಕಾರ್ಖಾನೆ ಪರೀಕ್ಷಾಲಯ ಹೇಗೆ ಕಟ್ಟೀತು ಎಂಬ ಅಳಲು ನಿಜವಾದದ್ದು. ಗಡಸುತನ, ಎಳೆತ, ಲೇಪನಗಳ ಪರೀಕ್ಷಾ ಯಂತ್ರಗಳನ್ನು ಪ್ರತಿ ಘಟಕವೂ ಕೊಳ್ಳುವುದು ಅಸಾಧ್ಯ, ಅನಗತ್ಯ ಸಹ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಸಾಮಾನ್ಯ ಸೌಲಭ್ಯವೊಂದನ್ನು ಹಂಚಿಕೊಂಡು ನಡೆಸುವುದಕ್ಕೆ ವಾಣಿಜ್ಯ ಮಂಡಳಿಗಳೂ ಸಣ್ಣ ಕೈಗಾರಿಕೆಗಳ ಸಂಘಗಳೂ ಮುಂದಾಗಬೇಕಾದ ಕಾರಣ ಇಲ್ಲಿದೆ. ದಾಖಲೆಯನ್ನು ಮಾತ್ರ ಹಂಚಿಕೊಳ್ಳಲಾಗದು. ಅದನ್ನು ಪ್ರತಿಯೊಬ್ಬನೂ ತನ್ನ ಅಂಗಡಿಯಲ್ಲಿಯೇ ಇಡಬೇಕು, ಅದಕ್ಕೆ ಬೇಕಾದದ್ದು ಯಂತ್ರವಲ್ಲ, ಶಿಸ್ತು.

ಆಗಬೇಕಾದುದೇನು

ಈ ಶಿಸ್ತು ಅಂಗಡಿಯ ಮಟ್ಟದಲ್ಲಿಯೇ ಆರಂಭವಾಗಬಹುದು. ವೈಮಾನಿಕ ಮಾನಕದ ಸರಕನ್ನೂ ಸಾಮಾನ್ಯ ಸರಕನ್ನೂ ಒಂದೇ ಕಪಾಟಿನಲ್ಲಿ ಇಡದಿರುವುದು ಮೊದಲ ಹೆಜ್ಜೆ. ಒಂದು ಲಾಟಿನ ಉಳಿಕೆಯನ್ನು ಇನ್ನೊಂದು ಲಾಟಿನ ಡಬ್ಬಕ್ಕೆ ಸುರಿಯದಿರುವುದು ಎರಡನೆಯದು. ಬಿಲ್ಲಿನಲ್ಲಿ ಬರಿಯ 'ಬೋಲ್ಟು, ನೂರು' ಎಂದು ಬರೆಯದೆ ಪೂರ್ಣ ಮಾನಕ ಸಂಖ್ಯೆಯನ್ನೂ ಲಾಟು ಸಂಖ್ಯೆಯನ್ನೂ ನಮೂದಿಸಿ, ತಯಾರಕನ ಪ್ರಮಾಣಪತ್ರದ ಪ್ರತಿ ಲಗತ್ತಿಸುವುದು ಮೂರನೆಯದು. ಪ್ರಮಾಣಪತ್ರವಿಲ್ಲದ ಸರಕನ್ನು ವಿಮಾನಕ್ಕೆಂದು ಕೇಳಿ ಬಂದವನಿಗೆ, ಇದು ಅದಕ್ಕಲ್ಲ ಎಂದು ಹೇಳಿ ಕಳುಹಿಸುವುದು ನಾಲ್ಕನೆಯದು. ಆ ದಿನ ಒಂದು ಮಾರಾಟ ತಪ್ಪಬಹುದು, ಗ್ರಾಹಕ ತಪ್ಪುವುದಿಲ್ಲ.

ತಯಾರಕರ ಮಟ್ಟದಲ್ಲಿ, ಬೋಲ್ಟಿನ ರಂಧ್ರ ಕೊರೆಯುವ ಕೆಲಸವನ್ನು ಕೊನೆಯ ಗಳಿಗೆಯ ಹೆಚ್ಚುವರಿ ಕೆಲಸವೆಂದು ಕಾಣಬಾರದು. ರಂಧ್ರದ ಅಂಚಿನಲ್ಲಿ ಉಳಿದ ಚೂಪು ತಂತಿಯನ್ನು ಕತ್ತರಿಸುತ್ತದೆ, ಸ್ಥಾನ ತಪ್ಪಿದ ರಂಧ್ರ ನಟ್ಟಿನ ಸೀಳಿಗೆ ಸೇರದು. ಐಟಿಐಗಳಲ್ಲಿ ಫಿಟ್ಟರ್ ವೃತ್ತಿ ಕಲಿಯುವ ವಿದ್ಯಾರ್ಥಿಗೆ ಸರಿಯಾದ ದಿಕ್ಕಿನಲ್ಲಿ ತಂತಿ ಹೆಣೆಯುವುದನ್ನು ಕಲಿಸಿದರೆ ಅದು ವಿಮಾನಕ್ಕಷ್ಟೇ ಅಲ್ಲ, ಅದುರಾಟವಿರುವ ಯಾವ ಯಂತ್ರಕ್ಕಾದರೂ ಒದಗುತ್ತದೆ.

ಎಚ್‌ಟಿ-2 ಬೆಂಗಳೂರಿನ ಆಕಾಶಕ್ಕೆ ಏರಿದ ಕಾಲದಲ್ಲಿ ಖಾಸಗಿ ಸಣ್ಣ ಘಟಕಗಳಿಗೆ ಈ ಕ್ಷೇತ್ರದಲ್ಲಿ ಅವಕಾಶ ವಿರಳವಾಗಿತ್ತು. ಇಂದು ಬಾಗಿಲು ತೆರೆದಿದೆ. ಒಳಗೆ ಹೋಗುವವರನ್ನು ಅಳೆಯುವ ಮಾನದಂಡ ಮಾತ್ರ ಬದಲಾಗಿಲ್ಲ. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಕನ್ನಡದ ವರ್ತಕರಿಗೆ ಹೊಸದಾಗಿ ಹೇಳಬೇಕಾದುದಲ್ಲ. ವಿಮಾನ ವ್ಯಾಪಾರದಲ್ಲಿ ಆ ಅಡಕೆ ಒಂದು ಸ್ಪ್ಲಿಟ್ ಪಿನ್ನಿನ ಗಾತ್ರದ್ದು. ಅದರ ಜೊತೆಗೆ ಹೋಗುವುದು ಮಾನವಷ್ಟೇ ಅಲ್ಲ, ಮೇಲೆ ಕುಳಿತವರ ಪ್ರಾಣವೂ ಹೌದು.